ಪೊರೆ ತೆಗೆಸಿದ ಮೇಲೆ ನೋಟ ಮಸುಕಾದರೆ: ಮನೆಯವರು ಗಮನಿಸಬೇಕಾದದ್ದು, ಮಾಡಬೇಕಾದದ್ದು

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದವರಿಗಾಗಿ ಮನೆಯವರು ಮಾಡಬೇಕಾದ ಮೊದಲ ಕೆಲಸ ತೀರ ಸಣ್ಣದು. ಅವರು ಹಾಸಿಗೆಯ ಮೇಲೆ ಕುಳಿತರೆ ನೇರವಾಗಿ ಕಾಣುವ ಗೋಡೆಗೆ ದಪ್ಪ ಅಂಕಿಗಳ ಒಂದು ಕ್ಯಾಲೆಂಡರನ್ನು ತೂಗುಹಾಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೇ ಜಾಗದಲ್ಲಿ ಕೂರಿಸಿ, ಅದೇ ದೀಪದ ಬೆಳಕಿನಲ್ಲಿ, ಶಸ್ತ್ರಚಿಕಿತ್ಸೆಯಾಗದ ಕಣ್ಣನ್ನು ತೊಳೆದ ಅಂಗೈಯಿಂದ ಮುಚ್ಚಿಸಿ, ಏನು ಕಾಣುತ್ತದೆಂದು ಕೇಳಿ. ದಪ್ಪ ಅಂಕಿ ಕಂಡಿತು, ಅದರ ಕೆಳಗಿನ ತಿಥಿ ಕಾಣಲಿಲ್ಲ ಎಂದರೆ ಅಷ್ಟನ್ನೇ ಹೊತ್ತು ಹಾಕಿ ಒಂದು ಚೀಟಿಯಲ್ಲಿ ಬರೆದಿಡಿ.

ಒಂದು ಕಣ್ಣು ಮುಚ್ಚಿಸಿಯೇ ಏಕೆ ನೋಡಬೇಕೆಂದರೆ, ಎರಡೂ ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಇನ್ನೊಂದರ ಕೊರತೆಯನ್ನು ಮರೆಮಾಚುತ್ತದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ನೋಟ ಮುಕ್ಕಾಲು ಹೋಗಿದ್ದರೂ ಟಿ.ವಿ. ನೋಡುತ್ತ, ಕಾಫಿ ಕುಡಿಯುತ್ತ, ಬಂದವರನ್ನು ಗುರುತಿಸಿ ಮಾತನಾಡಿಸುತ್ತ ಇರುವವರು ಇದ್ದಾರೆ. ಹಿರಿಯರಿಗೆ ಮಕ್ಕಳನ್ನು ಮತ್ತೆ ಆಸ್ಪತ್ರೆಗೆ ಅಲೆಸುವುದೆಂದರೆ ಸಂಕೋಚವಾದ್ದರಿಂದ ತಾವಾಗಿ ಹೇಳುವುದೂ ಕಡಿಮೆ. ಆದ್ದರಿಂದ ಕೇಳುವ ಜವಾಬ್ದಾರಿ ಮನೆಯವರದು.

ಯಾವುದು ಸಹಜ

ಪಟ್ಟಿ ಬಿಚ್ಚಿದ ಮೊದಲ ದಿನ ನೀರು ಸೋರುವುದು, ಮರಳು ಬಿದ್ದಂತೆ ಚುಚ್ಚುವುದು, ಬೆಳಕಿಗೆ ಕಣ್ಣು ಕಿರಿದಾಗುವುದು, ತುಸು ಮಂಜು ಕವಿದಂತಿರುವುದು ಇವೆಲ್ಲ ಸಾಮಾನ್ಯ. ಕಣ್ಣಿನ ಪಕ್ಕಕ್ಕೆ ಸೂಜಿ ಚುಚ್ಚಿ ಮರಗಟ್ಟಿಸಿದ್ದರೆ ಬಿಳಿಯ ಭಾಗದಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕೆಂಪು ಕಲೆ ಕಾಣಬಹುದು. ನೋಡಲು ಭಯವಾದರೂ ಅದು ಒಂದೆರಡು ವಾರದಲ್ಲಿ ತಾನೇ ಕರಗುತ್ತದೆ. ಪೊರೆ ಬಹಳ ಬಲಿತು ಗಟ್ಟಿಯಾಗಿದ್ದವರಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಊದಿಕೊಂಡು, ನೋಟ ತಿಳಿಯಾಗಲು ಒಂದು ವಾರವೋ ಇನ್ನೂ ಹೆಚ್ಚೋ ಹಿಡಿಯಬಹುದು. ಪಕ್ಕದ ಮನೆಯವರಿಗೆ ಮರುದಿನವೇ ಸ್ಪಷ್ಟವಾಗಿ ಕಂಡಿತಂತೆ, ನಮಗೇಕಿಲ್ಲ ಎಂದು ಹೋಲಿಸಿಕೊಂಡು ಗಾಬರಿಯಾಗಬೇಕಾಗಿಲ್ಲ.

ಮುಖ್ಯವಾಗಿ ನೋಡಬೇಕಾದದ್ದು ನೋಟ ಎಷ್ಟಿದೆ ಎಂಬುದನ್ನಲ್ಲ, ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು. ನೋಟ ನಿಧಾನವಾಗಿಯಾದರೂ ದಿನದಿಂದ ದಿನಕ್ಕೆ ಸುಧಾರಿಸಬೇಕು, ನೋವು ಮತ್ತು ಕೆಂಪು ಇಳಿಯಬೇಕು. ನಿನ್ನೆ ಕಂಡ ಅಂಕಿ ಇಂದು ಕಾಣದಿದ್ದರೆ, ಇಳಿದಿದ್ದ ಕೆಂಪು ಮತ್ತೆ ಏರಿದರೆ, ರಾತ್ರಿ ನಿದ್ದೆಗೆಡಿಸುವ ನೋವು ಹೊಸದಾಗಿ ಶುರುವಾದರೆ, ಅದು ನಾಳೆಗೆ ಮುಂದೂಡುವ ಸಂಗತಿಯಲ್ಲ. ಈ ಬರಹದಲ್ಲಿ ಒಂದೇ ಒಂದು ಸಾಲನ್ನು ನೆನಪಿಟ್ಟುಕೊಳ್ಳಬೇಕೆಂದಿದ್ದರೆ ಇದನ್ನೇ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು

ಕಣ್ಣುಗುಡ್ಡೆಯ ಒಳಗೇ ಸೋಂಕು ತಗಲುವುದನ್ನು ವೈದ್ಯರು ಎಂಡಾಫ್ಥಾಲ್ಮೈಟಿಸ್ ಎನ್ನುತ್ತಾರೆ. ಆಡುಮಾತಿನಲ್ಲಿ ಕಣ್ಣೊಳಗೆ ಕೀವಾಗಿದೆ ಎನ್ನುವುದು ಇದನ್ನೇ. ಇದು ಅಪರೂಪ. ಒಳ್ಳೆಯ ವ್ಯವಸ್ಥೆಯಿರುವ ಕಡೆ ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಒಂದಕ್ಕೂ ಬರುವುದಿಲ್ಲ. ಆದರೆ ಬಂದಾಗ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ಗಂಟೆಗಳ ಲೆಕ್ಕದಲ್ಲಿ ಹಾಳುಮಾಡುತ್ತದೆ. ಹೆಚ್ಚಾಗಿ ಮೊದಲ ವಾರದಲ್ಲಿ, ಎರಡನೆಯ ದಿನದಿಂದ ಏಳನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಕೆಲವು ನಿಧಾನದ ರೋಗಾಣುಗಳಿಂದಾಗಿ ವಾರಗಳ ನಂತರ ಕಾಣಿಸುವುದೂ ಉಂಟು.

ನೋವಿಲ್ಲದಿದ್ದರೆ ಸೋಂಕಿಲ್ಲ ಎಂಬ ನಂಬಿಕೆ ಇಲ್ಲಿ ದೊಡ್ಡ ಮೋಸ ಮಾಡುತ್ತದೆ. ಅಮೆರಿಕದಲ್ಲಿ ಇಂಥ 420 ರೋಗಿಗಳನ್ನು ಸೇರಿಸಿಕೊಂಡು ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ನೋಟ ಮಸುಕಾಗಿತ್ತು, ಹತ್ತರಲ್ಲಿ ಎಂಟು ಮಂದಿಗೆ ಕಣ್ಣು ಕೆಂಪಾಗಿತ್ತು. ಆದರೆ ಸುಮಾರು ಕಾಲುಭಾಗ ಮಂದಿಗೆ ನೋವೇ ಇರಲಿಲ್ಲ. ರೆಪ್ಪೆ ಊದಿಕೊಂಡದ್ದು ಮೂರರಲ್ಲಿ ಒಬ್ಬರಿಗೆ ಮಾತ್ರ. ಕ್ಯಾಲೆಂಡರಿನ ಅಂಕಿಯನ್ನು ಕೇಳಿ ನೋಡಿ ಎಂದು ನಾನು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ನನ್ನ ತಾಯಿಗೆ ಶುಕ್ರವಾರ ಶಸ್ತ್ರಚಿಕಿತ್ಸೆಯಾಗಿತ್ತು. ಶನಿವಾರ ಅಂಕಿಗಳೆಲ್ಲ ಕಂಡಿದ್ದವು. ಭಾನುವಾರ ಸಂಜೆ ಕೇಳಿದಾಗ, "ಕರೆಂಟ್ ಡಲ್ಲಾಗಿದೆಯೇನೋ, ಅಂಕಿ ಹೊಗೆ ಹಿಡಿದ ಹಾಗಿದೆ" ಎಂದರು. ಕರೆಂಟ್ ಸರಿಯಾಗಿಯೇ ಇತ್ತು. "ನೋವಿದೆಯೇನಮ್ಮ?" ಎಂದರೆ, "ಏನಿಲ್ಲ ಕಣೋ, ನಾಳೆ ಹೋದರಾಯಿತು, ಈ ಹೊತ್ತಿನಲ್ಲಿ ಡಾಕ್ಟರಿಗೂ ಯಾಕೆ ತೊಂದರೆ" ಎಂದರು. ಚೀಟಿಯಲ್ಲಿ ಹಿಂದಿನ ದಿನದ ಟಿಪ್ಪಣಿ ಇರದಿದ್ದರೆ ನಾನೂ ನಾಳೆಯೇ ಎನ್ನುತ್ತಿದ್ದೆನೇನೋ. ಆ ರಾತ್ರಿಯೇ ಕಣ್ಣಿನೊಳಗೆ ಚುಚ್ಚುಮದ್ದು ಬಿತ್ತು. ಇಂದು ಅವರು ಕನ್ನಡಕ ಹಾಕಿಕೊಂಡು ಪಂಚಾಂಗ ಓದುತ್ತಾರೆ, ಆದರೆ ಆ ಕಣ್ಣಿನಲ್ಲಿ ಬಣ್ಣಗಳು ಸ್ವಲ್ಪ ಮಂಕು ಎನ್ನುತ್ತಾರೆ.

ಅನುಮಾನ ಬಂದ ಗಳಿಗೆಯಲ್ಲಿ

ಮೊದಲು ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಫೋನಿನಲ್ಲಿ "ಕಣ್ಣು ಸ್ವಲ್ಪ ತೊಂದರೆ ಕೊಡ್ತಿದೆ" ಎಂದರೆ ಆ ಕಡೆಯಿಂದ "ಡ್ರಾಪ್ಸ್ ಹಾಕ್ತಾ ಇರಿ, ನಾಳೆ ಬನ್ನಿ" ಎಂಬ ಉತ್ತರ ಬರುವ ಸಂಭವ ಹೆಚ್ಚು. ಅದರ ಬದಲು ಇಂಥ ತಾರೀಖು ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ನಿನ್ನೆ ಸಂಜೆ ಇಷ್ಟು ಕಾಣುತ್ತಿತ್ತು, ಇಂದು ಇಷ್ಟು ಹೊತ್ತಿನಿಂದ ಇಷ್ಟೇ ಕಾಣುತ್ತಿದೆ, ಕೆಂಪು ಹೆಚ್ಚಾಗಿದೆ, ಈಗಲೇ ಯಾರು ನೋಡುತ್ತಾರೆ ಎಂದು ಕೇಳಿ. ಕರೆ ಸಿಗದಿದ್ದರೆ ಬೆಳಗಿನವರೆಗೆ ಕಾಯದೆ ರೆಟಿನಾ ತಜ್ಞರಿರುವ ಹತ್ತಿರದ ಕಣ್ಣಾಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೊರಡಿ. ತಾಲ್ಲೂಕು ಮಟ್ಟದಲ್ಲಿ ಕಣ್ಣಿನ ವೈದ್ಯರಿದ್ದರೂ ರೆಟಿನಾ ತಜ್ಞರು ಇರುವುದು ಅಪರೂಪ. ಆದ್ದರಿಂದ ನಿಮ್ಮೂರಿಗೆ ಹತ್ತಿರದ ರೆಟಿನಾ ವಿಭಾಗ ಎಲ್ಲಿದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿದಿಟ್ಟುಕೊಳ್ಳುವುದು ಜಾಣತನ.

ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಚೆನ್ನಾಗಿರುವ ಕಣ್ಣನ್ನು ಮುಚ್ಚಿಸಿ, ಮೂರಡಿ ದೂರದಲ್ಲಿ ಬೆರಳು ತೋರಿಸಿ ಎಷ್ಟೆಂದು ಕೇಳಿ. ಎಣಿಸಲಾಗದಿದ್ದರೆ ಮುಖದ ಮುಂದೆ ಕೈಯಾಡಿಸಿ, ಅಲುಗಾಟ ತಿಳಿಯುತ್ತದೆಯೇ ಕೇಳಿ. ಅದೂ ತಿಳಿಯದಿದ್ದರೆ ಟಾರ್ಚನ್ನು ದೂರದಿಂದ ಬಿಟ್ಟು ಆರಿಸಿ, ಬೆಳಕಾದರೂ ತಿಳಿಯುತ್ತದೆಯೇ ನೋಡಿ. ವೈದ್ಯರಿಗೆ ಈ ಮೂರರಲ್ಲಿ ಯಾವುದು ಎಂಬುದು ಬಹಳ ಮುಖ್ಯ. ಮೇಲೆ ಹೇಳಿದ ಅಧ್ಯಯನದಲ್ಲಿ, ಬೆಳಕಿನ ಅರಿವು ಮಾತ್ರ ಉಳಿದಿದ್ದವರಿಗೆ ಕಣ್ಣಿನೊಳಗಿನ ಲೋಳೆಯನ್ನು ತೆಗೆದುಹಾಕುವ ವಿಟ್ರೆಕ್ಟಮಿಯಿಂದ ಸ್ಪಷ್ಟ ಲಾಭವಾಯಿತು. ಕೈಯ ಅಲುಗಾಟವಾದರೂ ಕಾಣುತ್ತಿದ್ದವರಿಗೆ, ಆ ಲೋಳೆಯ ಮಾದರಿ ತೆಗೆದು ಕಣ್ಣೊಳಗೆ ಆಂಟಿಬಯಾಟಿಕ್ ಚುಚ್ಚುವುದೇ ಅಷ್ಟೇ ಫಲ ಕೊಟ್ಟಿತು. ಕಣ್ಣೊಳಗೆ ಸೂಜಿ ಎಂದೊಡನೆ ಮನೆಯವರು ಹಿಂಜರಿದು, ಮೊದಲು ಮಾತ್ರೆ ಕೊಟ್ಟು ನೋಡಿ ಎನ್ನುವುದುಂಟು. ಮಾತ್ರೆಯಿಂದಾಗಲಿ, ಕೈಗೆ ಹಾಕುವ ಡ್ರಿಪ್ಪಿನಿಂದಾಗಲಿ ಕಣ್ಣಿನ ಒಳಭಾಗಕ್ಕೆ ಸಾಕಷ್ಟು ಔಷಧ ತಲುಪುವುದಿಲ್ಲ ಎಂಬುದನ್ನು ತಿಳಿದು, ಒಪ್ಪಿಗೆಯ ಸಹಿ ಹಾಕಲು ತಡಮಾಡಬೇಡಿ.

ಆಸ್ಪತ್ರೆ ಮುಟ್ಟುವವರೆಗೆ ಕಣ್ಣಿಗೆ ಏನನ್ನೂ ಹೊಸದಾಗಿ ಹಾಕಬಾರದು. ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಕೊತ್ತಂಬರಿ ನೀರು, ಪಕ್ಕದವರ ಮನೆಯ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಕಣ್ಣನ್ನು ಬಿಗಿಯಾಗಿ ಕಟ್ಟದೆ, ಆಸ್ಪತ್ರೆಯವರು ಕೊಟ್ಟಿರುವ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಅದನ್ನಷ್ಟೇ ಹಾಕಿ. ಬಳಸುತ್ತಿದ್ದ ಡ್ರಾಪ್ಸ್ ಬಾಟಲಿಗಳನ್ನು ಬಿಸಾಡದೆ ಒಂದು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಏಕೆಂದರೆ ಬಾಟಲಿಯೇ ಕಲುಷಿತವಾಗಿತ್ತೇ ಎಂದು ಪರೀಕ್ಷಿಸಬೇಕಾಗಿ ಬರಬಹುದು. ಡಿಸ್ಚಾರ್ಜ್ ಚೀಟಿ, ಸಕ್ಕರೆ ಕಾಯಿಲೆಯ ಔಷಧಗಳ ಪಟ್ಟಿ ಮತ್ತು ನೀವು ಬರೆದಿಟ್ಟ ಚೀಟಿ ಜೊತೆಗಿರಲಿ. ವಿಟ್ರೆಕ್ಟಮಿ ಬೇಕಾಗುವ ಸಾಧ್ಯತೆಯಿರುವುದರಿಂದ ರೋಗಿಗೆ ಊಟ ಕೊಡಬಹುದೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಶಿಬಿರದಲ್ಲಿ ಆಯ್ಕೆಯಾಗಿ ಒಂದೇ ದಿನ ಹಲವರ ಜೊತೆ ಶಸ್ತ್ರಚಿಕಿತ್ಸೆಯಾಗಿದ್ದರೆ, ನಿಮ್ಮ ತೊಂದರೆಯನ್ನು ಸಂಘಟಕರಿಗೂ ಅಂದಿನ ಇತರ ರೋಗಿಗಳಿಗೂ ತಿಳಿಸುವುದು ನಿಮ್ಮ ಕರ್ತವ್ಯವೇ ಸರಿ. ಒಂದೇ ತೊಳೆಯುವ ದ್ರವ, ಒಂದೇ ಜೆಲ್, ಒಂದೇ ಸಲಕರಣೆ ಕೆಟ್ಟಿದ್ದರೆ ಅಂದಿನ ಎಲ್ಲರಿಗೂ ಅಪಾಯವಿರುತ್ತದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಒಂದೇ ದಿನ ಪೊರೆ ತೆಗೆಸಿಕೊಂಡ ಹಲವರ ನೋಟ ಕುಂದಿದ್ದು, ಶಸ್ತ್ರಚಿಕಿತ್ಸೆಗೆ ಬಳಸಿದ ಔಷಧದ ಮೇಲೆ ಅನುಮಾನ ಬಂದದ್ದು ಅನೇಕರಿಗೆ ನೆನಪಿರಬಹುದು.

ಸೋಂಕಲ್ಲದ ಕಾರಣಗಳು

ನೋಟ ಕುಂದಿದ್ದೆಲ್ಲ ಸೋಂಕಲ್ಲ. ಯಾವ ದಿನ ಕುಂದಿತು ಎಂಬುದೇ ಅರ್ಧ ಉತ್ತರ ಕೊಡುತ್ತದೆ. ಮೊದಲ ದಿನವೇ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಕಣ್ಣಿನ ಒತ್ತಡ ಏರಿರಬಹುದು. ಇದನ್ನು ಪಿತ್ತವೆಂದೋ ಗ್ಯಾಸ್ಟ್ರಿಕ್ ಎಂದೋ ತಿಳಿದು ಮಾತ್ರೆ ನುಂಗಿಸಿ ಮಲಗಿಸುವ ಮನೆಗಳು ಬಹಳ. ಹನ್ನೆರಡರಿಂದ ನಲವತ್ತೆಂಟು ಗಂಟೆಗಳೊಳಗೆ ಹೆಚ್ಚು ನೋವಿಲ್ಲದೆ ಕಾರ್ನಿಯಾ ಇಡಿಯಾಗಿ ಬೆಳ್ಳಗೆ ಮಂಜಾದರೆ, ಒಳಗೆ ಹೋದ ಯಾವುದೋ ರಾಸಾಯನಿಕ ಅಂಶದಿಂದಾದ ಉರಿಯೂತವಿರಬಹುದು. ಅದು ಸ್ಟೀರಾಯ್ಡ್ ಡ್ರಾಪ್ಸಿಗೆ ಬಗ್ಗುತ್ತದೆ. ಆದರೆ ಸೋಂಕೋ ಉರಿಯೂತವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ. ನೀವು ಮಾಡಬೇಕಾದದ್ದು ಎರಡಕ್ಕೂ ಒಂದೇ, ತಕ್ಷಣ ಹೋಗುವುದು.

ನಾಲ್ಕರಿಂದ ಆರು ವಾರಗಳ ಸುಮಾರಿಗೆ, ಚೆನ್ನಾಗಿ ಕಾಣುತ್ತಿದ್ದ ಕಣ್ಣಿನಲ್ಲಿ ಅಕ್ಷರಗಳು ಅಂಕುಡೊಂಕಾಗಿ ನಡುವಿನ ಭಾಗ ಮಸುಕಾದರೆ, ಅಕ್ಷಿಪಟಲದ ಮಧ್ಯದಲ್ಲಿ ನೀರು ತುಂಬಿ ಊದಿಕೊಂಡಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ಹೆಚ್ಚಿನವರಲ್ಲಿ ಡ್ರಾಪ್ಸಿನಿಂದಲೇ ಇಳಿಯುತ್ತದೆ. ಕಣ್ಣಿನಲ್ಲಿ ಮಿಂಚು ಹೊಡೆದಂತಾಗುವುದು, ಒಮ್ಮೆಗೇ ಕಪ್ಪು ಚುಕ್ಕೆಗಳ ಮಳೆ, ಒಂದು ಪಕ್ಕದಿಂದ ಪರದೆ ಇಳಿದಂತಾಗುವುದು ಅಕ್ಷಿಪಟಲ ಬಿಟ್ಟುಕೊಳ್ಳುತ್ತಿರುವ ಲಕ್ಷಣ. ಇದು ತಿಂಗಳು, ವರ್ಷಗಳ ನಂತರವೂ ಆಗಬಹುದು. ದಪ್ಪ ಮೈನಸ್ ಕನ್ನಡಕ ಹಾಕುತ್ತಿದ್ದವರು, ವಯಸ್ಸು ಕಡಿಮೆಯಿರುವವರು, ಶಸ್ತ್ರಚಿಕಿತ್ಸೆಯಲ್ಲಿ ಲೆನ್ಸ್ ಕೂರಿಸುವ ಚೀಲದ ಹಿಂಬದಿ ಹರಿದಿದೆ ಎಂದು ಹೇಳಿಸಿಕೊಂಡವರು ಹೆಚ್ಚು ಎಚ್ಚರವಾಗಿರಬೇಕು. ನೋವಿಲ್ಲದ ಕಾರಣ ಮುಂದೂಡುವುದು ಸುಲಭ, ಆದರೆ ಪರದೆ ನಡುವಿನ ನೋಟವನ್ನು ಮುಟ್ಟುವ ಮೊದಲು ಹೋದವರಿಗೂ ಆಮೇಲೆ ಹೋದವರಿಗೂ ಫಲದಲ್ಲಿ ಬಹಳ ಅಂತರವಿರುತ್ತದೆ.

ವರ್ಷವೋ ಎರಡು ವರ್ಷವೋ ಕಳೆದ ಮೇಲೆ ನಿಧಾನವಾಗಿ ಮಂಜು ಕವಿದರೆ ಜನ "ಮತ್ತೆ ಪೊರೆ ಬಂದಿದೆ" ಎನ್ನುತ್ತಾರೆ. ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಲೆನ್ಸ್ ಕೂರಿಸಿದ ಚೀಲದ ಹಿಂಬದಿ ಮಂಕಾಗಿರುತ್ತದೆ, ಹೊರರೋಗಿ ವಿಭಾಗದಲ್ಲೇ ಕೆಲವೇ ನಿಮಿಷದಲ್ಲಿ ಲೇಸರಿನಿಂದ ಅದಕ್ಕೆ ಕಿಂಡಿ ಮಾಡುತ್ತಾರೆ. ಇದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ.

ಇನ್ನೊಂದು ತೊಂದರೆಯನ್ನು ನಾವೇ ತಂದುಕೊಳ್ಳುತ್ತೇವೆ. ಶಸ್ತ್ರಚಿಕಿತ್ಸೆಯ ನಂತರ ಬರೆದುಕೊಡುವ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ, ವಾರವಾರಕ್ಕೂ ಅದನ್ನು ಇಳಿಸುತ್ತ ಬಂದು ನಿಲ್ಲಿಸಬೇಕು. ಕಣ್ಣಿಗೆ ಹಿತವೆನಿಸಿತೆಂದು ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಅದೇ ಬಾಟಲಿಯನ್ನು ತಿಂಗಳುಗಟ್ಟಲೆ ತಂದು ಹಾಕಿಕೊಳ್ಳುವವರಿದ್ದಾರೆ. ಕೆಲವರ ಕಣ್ಣಿನಲ್ಲಿ ಇದರಿಂದ ಒತ್ತಡ ಸದ್ದಿಲ್ಲದೆ ಏರಿ, ಗ್ಲಾಕೋಮಾದಿಂದ ನರ ಸತ್ತುಹೋಗುತ್ತದೆ. ಹಾಗೆ ಹೋದ ನೋಟ ಮತ್ತೆ ಬರುವುದಿಲ್ಲ.

ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮೊದಲೇ ವೈದ್ಯರಿಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ, ಈಗ ಬಿಟ್ಟಿದ್ದರೂ, ಹೇಳಿ. ಆ ಔಷಧ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗವನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಯನ್ನು ಕಷ್ಟವಾಗಿಸುತ್ತದೆ, ತಿಳಿದಿದ್ದರೆ ವೈದ್ಯರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಮೂತ್ರದ ಔಷಧಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಇದನ್ನು ಬಹುತೇಕರು ಹೇಳುವುದೇ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಬಿಡದ ಕೆಮ್ಮು, ಅಂಗಾತ ಮಲಗಿದರೆ ಏದುಸಿರು, ಕಣ್ಣಿನ ಮೂಲೆ ಒತ್ತಿದರೆ ಕೀವು ಬರುವುದು, ರೆಪ್ಪೆಯ ಕುರು ಇವನ್ನೂ ಹೇಳಬೇಕು. ಕಣ್ಣೀರಿನ ನಾಳಕ್ಕೆ ನೀರು ಹಾಯಿಸಿ ನೋಡುವುದು ಹಲವು ಆಸ್ಪತ್ರೆಗಳಲ್ಲಿ ರೂಢಿ. ನಾಳ ಕಟ್ಟಿ ಕೀವು ನಿಂತಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಪೊರೆ. ಸಕ್ಕರೆ ಹತೋಟಿಗೆ ಬರಲಿ ಎಂದು ವೈದ್ಯರು ಮುಂದೂಡಿದರೆ ಬೇಸರಪಡಬೇಡಿ.

ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲದ ಪ್ರಶ್ನೆಯೆಂದರೆ, ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣಿನೊಳಗೆ ಆಂಟಿಬಯಾಟಿಕ್ ಬಿಡುತ್ತೀರಾ ಎಂಬುದು. ಮದುರೈನ ಅರವಿಂದ ಕಣ್ಣಾಸ್ಪತ್ರೆಯ ಬಳಗದವರು ತಮ್ಮ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ ಪ್ರಕಾರ, ಹೀಗೆ ಮಾಕ್ಸಿಫ್ಲಾಕ್ಸಸಿನ್ ಬಿಡತೊಡಗಿದ ಮೇಲೆ ಒಳಗಣ್ಣಿನ ಸೋಂಕು ಶೇ. 0.07ರಿಂದ ಶೇ. 0.02ಕ್ಕೆ ಇಳಿಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಕಣ್ಣಿಗೆ ಹಾಕುವ, ಉರಿಯುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಹನಿ ಕೂಡ ಸೋಂಕು ತಡೆಯುವ ಮುಖ್ಯ ಅಸ್ತ್ರ, ಉರಿಯಿತೆಂದು ಬೇಡವೆನ್ನಬಾರದು. ಕೊನೆಯದಾಗಿ, ಭಾನುವಾರ ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಕೇಳಿ ಬರೆದುಕೊಳ್ಳಿ. ಉತ್ತರ ಕೊಡಲು ತಡವರಿಸಿದರೆ ಆ ಆಸ್ಪತ್ರೆಯನ್ನು ಮರುಯೋಚಿಸುವುದು ನನ್ನ ಅಭಿಪ್ರಾಯದಲ್ಲಿ ತಪ್ಪಲ್ಲ.

ಬೆನ್ನುಮೂಳೆ ಅಥವಾ ಹೃದಯದ ಶಸ್ತ್ರಚಿಕಿತ್ಸೆಯ ನಂತರ

ಕಣ್ಣನ್ನು ಮುಟ್ಟದ ಶಸ್ತ್ರಚಿಕಿತ್ಸೆಯಿಂದಲೂ ನೋಟ ಹೋಗಬಹುದೆಂದರೆ ನಂಬುವುದು ಕಷ್ಟ. ಬಹಳ ಅಪರೂಪವಾದರೂ, ಬೋರಲಾಗಿ ಮಲಗಿಸಿ ಹಲವು ಗಂಟೆ ನಡೆಸುವ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಮತ್ತು ಹೃದಯದ ಬೈಪಾಸಿನಲ್ಲಿ ಇದು ಆಗುತ್ತದೆ. ಹೆಚ್ಚಾಗಿ ಕಣ್ಣಿನ ನರಕ್ಕೆ ರಕ್ತ ಸಾಲದೆ ಹೋಗಿರುತ್ತದೆ. ಕೆಲವೊಮ್ಮೆ ಕಣ್ಣುಗುಡ್ಡೆಯ ಮೇಲೆ ಒತ್ತಡ ಬಿದ್ದು ಅಕ್ಷಿಪಟಲದ ರಕ್ತನಾಳ ಮುಚ್ಚಿರುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2006ರಲ್ಲಿ ಪ್ರಕಟಿಸಿದ 93 ಬೆನ್ನುಮೂಳೆ ಪ್ರಕರಣಗಳ ವಿವರದಲ್ಲಿ 83 ನರಕ್ಕೆ ರಕ್ತ ಸಾಲದ ಪ್ರಕರಣಗಳೇ. ಅವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಆರು ಗಂಟೆ ಅಥವಾ ಹೆಚ್ಚಿನ ಅರಿವಳಿಕೆ, ಇಲ್ಲವೇ ಒಂದು ಲೀಟರ್ ಅಥವಾ ಹೆಚ್ಚು ರಕ್ತನಷ್ಟ ಆಗಿತ್ತು.

ಇಂಥ ದೀರ್ಘ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮೊದಲು, ತಲೆಯನ್ನು ಹೃದಯದ ಮಟ್ಟದಲ್ಲಿ ಅಥವಾ ಮೇಲೆ ಇಡುತ್ತೀರಾ, ಕಣ್ಣಿನ ಮೇಲೆ ಒತ್ತಡ ಬೀಳುತ್ತಿಲ್ಲವೆಂದು ಆಗಾಗ ನೋಡುತ್ತೀರಾ, ಕೆಲಸವನ್ನು ಎರಡು ಹಂತದಲ್ಲಿ ಮಾಡಲು ಸಾಧ್ಯವೇ ಎಂದು ಅರಿವಳಿಕೆ ತಜ್ಞರನ್ನು ಕೇಳಬಹುದು. ಎಚ್ಚರವಾದ ಮೇಲೆ, ವಾರ್ಡಿಗೆ ಬಂದೊಡನೆ, ಒಂದೊಂದೇ ಕಣ್ಣಿನಿಂದ ಬೆರಳು ಎಣಿಸಲು ಹೇಳಿ. ಮಂಪರು, ಮುಲಾಮು, ಮುಖದ ಊತ ಇವುಗಳ ನಡುವೆ "ಏನೂ ಕಾಣ್ತಿಲ್ಲ" ಎಂಬ ಮಾತನ್ನು ಔಷಧದ ಪ್ರಭಾವವೆಂದು ತಳ್ಳಿಹಾಕುವುದು ಸುಲಭ. ಕಾಣದಿದ್ದರೆ ಕಣ್ಣಿನ ವೈದ್ಯರನ್ನು ಅದೇ ಗಂಟೆಯಲ್ಲಿ ಕರೆಸುವಂತೆ ಪಟ್ಟು ಹಿಡಿಯಿರಿ. ನರ ಒಮ್ಮೆ ಸತ್ತರೆ ಖಚಿತ ಚಿಕಿತ್ಸೆಯಿಲ್ಲ ಎಂಬುದು ನಿಜ. ಆದರೂ ಕುಸಿದ ರಕ್ತದೊತ್ತಡವನ್ನೂ ರಕ್ತದ ಕೊರತೆಯನ್ನೂ ಬೇಗ ಸರಿಪಡಿಸುವುದು ಮತ್ತು ಬೇರೆ ಕಾರಣವಿದ್ದರೆ ಹಿಡಿಯುವುದು ಆಗ ಮಾತ್ರ ಸಾಧ್ಯ.

ದಾಖಲೆ ಮತ್ತು ಉಳಿದ ಕಣ್ಣು

ಜಗಳಕ್ಕಾಗಿ ಅಲ್ಲದಿದ್ದರೂ ಮುಂದಿನ ಚಿಕಿತ್ಸೆಗಾಗಿಯಾದರೂ ಶಸ್ತ್ರಚಿಕಿತ್ಸೆಯ ವರದಿ, ಲೆನ್ಸಿನ ಸ್ಟಿಕ್ಕರ್, ಕೀವಿನ ಪ್ರಯೋಗಾಲಯ ವರದಿ ಇವುಗಳ ಪ್ರತಿ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ನಿರ್ಲಕ್ಷ್ಯ ನಡೆದಿದೆ ಎನಿಸಿದರೆ ಹಣ ಕೊಟ್ಟು ಪಡೆದ ಚಿಕಿತ್ಸೆಯ ಬಗ್ಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ. ಆದರೆ ಎಲ್ಲ ಮುನ್ನೆಚ್ಚರಿಕೆ ವಹಿಸಿದ ಕಡೆಯೂ ಸೋಂಕು ಬರುತ್ತದೆ ಎಂಬುದನ್ನು ನೆನಪಿಟ್ಟು, ಮೊದಲು ಇನ್ನೊಬ್ಬ ರೆಟಿನಾ ತಜ್ಞರಿಗೆ ದಾಖಲೆ ತೋರಿಸಿ.

ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಮಾನದಂಡದಲ್ಲಿ ಶೇ. 30ರಷ್ಟು ಅಂಗವೈಕಲ್ಯವೆಂದು ಲೆಕ್ಕ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕಾಗುವುದರಿಂದ ಪ್ರಮಾಣಪತ್ರಕ್ಕಾಗಿ ಅಲೆದು ನಿರಾಶರಾಗುವವರು ಬಹಳ. ಅದಕ್ಕಿಂತ ಮುಖ್ಯವಾದದ್ದು ಉಳಿದ ಕಣ್ಣಿನ ರಕ್ಷಣೆ. ನಂಬರ್ ಇಲ್ಲದಿದ್ದರೂ ಪಾಲಿಕಾರ್ಬನೇಟ್ ಎಂಬ ಸುಲಭವಾಗಿ ಒಡೆಯದ ಪ್ಲಾಸ್ಟಿಕ್ಕಿನ ಕನ್ನಡಕವನ್ನು ಹಗಲೆಲ್ಲ ಹಾಕಿಸಿ. ಕಟ್ಟಿಗೆ ಒಡೆಯುವಾಗ, ತೆಂಗಿನಕಾಯಿ ಸುಲಿಯುವಾಗ, ಗದ್ದೆಯಲ್ಲಿ ಕೊಯ್ಲು ಮಾಡುವಾಗ ತಪ್ಪದೆ ಇರಲಿ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟೆ ಎಳೆಸಿ, ಏಕೆಂದರೆ ಒಂದೇ ಕಣ್ಣಿಗೆ ಆಳ ತಿಳಿಯಲು ತಿಂಗಳುಗಳೇ ಬೇಕು. ಹಾಳಾದ ಕಣ್ಣಿಗೆ ತಪಾಸಣೆ ನಿಲ್ಲಿಸಬೇಡಿ, ಮತ್ತು ಚೆನ್ನಾಗಿರುವ ಕಣ್ಣು ಕೆಂಪಾದರೆ ಅಥವಾ ಬೆಳಕಿಗೆ ನೋಯತೊಡಗಿದರೆ ಅದನ್ನು ಸಾಮಾನ್ಯ ಕಣ್ಣುಬೇನೆ ಎಂದುಕೊಳ್ಳದೆ ಅದೇ ದಿನ ತೋರಿಸಿ. ಆ ಕಣ್ಣಿಗೂ ಪೊರೆ ಬಂದಿದ್ದರೆ ಮೊದಲನೆಯದರಲ್ಲಿ ಏನಾಯಿತೆಂಬ ವರದಿ ಕೈಗೆ ಬರುವವರೆಗೆ ದಿನಾಂಕ ಗೊತ್ತುಮಾಡಿಸಬೇಡಿ.